ಪಾವು ಹಾಸಿದ ಭಾನುವಾರ

ಉಪದೇಶಿ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದದ್ದು ಪ್ರಸಂಗ, ಎಂದರೆ ಚರ್ಚಿನಲ್ಲಿ ಮಾಡುವ ಉಪದೇಶ, ಉದ್ದವಾಯಿತೆಂದು. ಎರಡನೆಯ ಸಲ ಫೇಲಾದದ್ದು ಗಿಡ್ಡವಾಯಿತೆಂದು. ಮೊದಲ ಸಲ ಏನಾದರೂ ಬಿಟ್ಟುಹೋದೀತೆಂಬ ಹೆದರಿಕೆಯಲ್ಲಿ ಆದಿಕಾಂಡದಿಂದ ಹೊರಟಿದ್ದೆ. ಮುಕ್ಕಾಲು ಗಂಟೆಯಾದರೂ ಮೋಶೆಗೆ ಸಮುದ್ರ ದಾಟಲು ಆಗಿರಲಿಲ್ಲ, ಮುಂದಿನ ಸಾಲಿನ ಮುದುಕರೊಬ್ಬರು ನಿದ್ದೆಯಲ್ಲೇ "ಆಮೆನ್" ಎಂದು ನನ್ನನ್ನು ನಿಲ್ಲಿಸಿದರು. ಎರಡನೆಯ ಸಲ ಮತ್ತೆಲ್ಲಿ ಉದ್ದವಾದೀತೋ ಎಂಬ ಹೆದರಿಕೆ. ಎಷ್ಟು ಬೇಗ ಮುಗಿಸಿದೆನೆಂದರೆ, ಪ್ರಸಂಗದ ಹೊತ್ತಿಗೆ ಒಂದು ಟೀ ಕುಡಿದು ಬರೋಣವೆಂದು ಹೊರಗೆ ಹೋಗಿದ್ದ ನನ್ನ ಗಂಡ ವಾಪಸು ಬರುವಷ್ಟರಲ್ಲಿ ಸಭೆ ಕೊನೆಯ ಹಾಡಿಗೆ ಎದ್ದು ನಿಂತಿತ್ತು.

ಉಪದೇಶಿ ಎಂದರೆ ಸಂಬಳದ ಕೆಲಸವಲ್ಲ. ನಮ್ಮ ಆಂಗ್ಲಿಕನ್ ಪರಂಪರೆಯ ಸಭೆಗಳಲ್ಲಿ ದೀಕ್ಷೆ ಪಡೆದ ಅಯ್ಯನವರು, ಎಂದರೆ ಪಾದ್ರಿ, ಒಬ್ಬರೇ ಇರುತ್ತಾರೆ, ಅವರ ಕೈಕೆಳಗೆ ಹತ್ತಾರು ಹಳ್ಳಿಗಳ ಪುಟ್ಟ ಪುಟ್ಟ ಆಲಯಗಳಿರುತ್ತವೆ. ಅವರು ಬಾರದ ಭಾನುವಾರಗಳಲ್ಲಿ ಪ್ರಾರ್ಥನಾ ಪುಸ್ತಕ ಹಿಡಿದು ಆರಾಧನೆ ನಡೆಸಿ, ಪ್ರಸಂಗ ಮಾಡಿ, ಕಾಯಿಲೆಯವರ ಮನೆಗೆ ಹೋಗಿ ಬರಲು ಸಭೆಯವರಲ್ಲೇ ಒಬ್ಬರು ಬೇಕು. ಅವರೇ ಉಪದೇಶಿ. ಅದಕ್ಕೆ ಎರಡು ವರ್ಷ ತರಬೇತಿ, ಕೊನೆಗೊಂದು ಪರೀಕ್ಷೆ.

ತರಬೇತಿ ನಡೆಯುತ್ತಿದ್ದುದು ಶನಿವಾರಗಳಂದು, ಧರ್ಮಪುರಿಯ ಚರ್ಚ್ ಕಾಂಪೌಂಡಿನ ತಗಡಿನ ಹಾಲ್‌ನಲ್ಲಿ. ಮುಂದೆ ಅಯ್ಯನವರಾಗಲು ಹೊರಟ ಯುವಕರೂ ನನ್ನಂಥ ನಡುವಯಸ್ಸಿನವರೂ ಒಂದೇ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರುತ್ತಿದ್ದೆವು. ನಾನು ಅದಿಯಮಾನ್‌ಕೋಟೆಯ ಹತ್ತಿರದ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ಇಷ್ಟು ವರ್ಷ ಪರೀಕ್ಷೆ ಇಟ್ಟವಳಿಗೆ ಪರೀಕ್ಷೆ ಕೊಡುವುದು ಇಷ್ಟು ಕಷ್ಟದ ಕೆಲಸವೆಂದು ಗೊತ್ತಿರಲಿಲ್ಲ. ಮಣ್ಣು ಮಾಡುವ ಆರಾಧನೆಯ ಅಭ್ಯಾಸವಿದ್ದ ದಿನ ಹೆಣದ ಪಾತ್ರಕ್ಕೆ ನಾನೇ ಕೈ ಎತ್ತಿದೆ. ಓದುವುದಿಲ್ಲ, ಹಾಡುವುದಿಲ್ಲ, ಕಣ್ಣು ಮುಚ್ಚಿ ಬೆಂಚಿನ ಮೇಲೆ ಮಲಗಿದರಾಯಿತು ಎಂದುಕೊಂಡಿದ್ದೆ. ಆದರೆ ಓದುತ್ತಿದ್ದ ಯುವಕ ಒಂದು ಸಾಲು ಬಿಟ್ಟುಬಿಟ್ಟ. ನಾನು ಕಣ್ಣು ಬಿಟ್ಟು, "ತಮ್ಮಾ, ಮೇಲಿನ ಸಾಲು" ಎಂದೆ. ಅಂದಿನಿಂದ ತರಗತಿಯಲ್ಲಿ ನನಗೆ ಪುನರುತ್ಥಾನದ ಟೀಚರ್ ಎಂದೇ ಹೆಸರು.

ನಮಗೆ ಕಲಿಸುತ್ತಿದ್ದವರು, ಪರೀಕ್ಷೆ ಮಾಡುತ್ತಿದ್ದವರು ಸೇಲಂನ ಒಬ್ಬ ನಿವೃತ್ತ ಅಯ್ಯನವರು. ಅವರ ಮಾತು ತಮಿಳು, ಕನ್ನಡ ಕೇಳಿದರೆ ತಿಳಿಯುತ್ತಿತ್ತು; ಅವರು ಆಡಿದ್ದನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಅವರ ಎಡಗೈಯಲ್ಲೊಂದು ಹಳೆಯ ಗಡಿಯಾರ. ಪ್ರಸಂಗ ಶುರುವಾದೊಡನೆ ಅದನ್ನು ನೋಡುವರು, ನಡುವೆ ನೋಡುವರು, ಮುಗಿದ ಮೇಲೆ ನೋಡುವರು. "ಹದಿನೈದು ನಿಮಿಷ. ದೇವರಿಗೂ ಜನರಿಗೂ ಅಷ್ಟು ಸಾಕು. ಆರಾಧನೆ ಎಂಟಕ್ಕೆ ಅಂದರೆ ಎಂಟಕ್ಕೆ." ಅವರ ಪಾಠದ ಸಾರಾಂಶ ಬರೆ ಎಂದರೆ ನಮ್ಮಲ್ಲಿ ಅರ್ಧ ಜನ ಇದನ್ನೇ ಬರೆಯುತ್ತಿದ್ದರು.

ಇಷ್ಟಾದರೂ ಮೂರನೆಯ ಸಲ ಪರೀಕ್ಷೆಗೆ ನಿಂತೆನಲ್ಲ, ಅದಕ್ಕೆ ಕಾರಣ ನನ್ನ ತಾಯಿಯ ತವರುಬೀದಿ. ಮೊರಪ್ಪೂರಿನಿಂದ ಪಾಪಿರೆಡ್ಡಿಪಟ್ಟಿಗೆ ಹೋಗುವ ಕಡೆ, ಕನ್ನಡ ಮಾತಾಡುವ ನೇಕಾರರ ಒಂದೇ ಉದ್ದನೆಯ ಬೀದಿ. ಬೀದಿಯ ಹೆಚ್ಚಿನವರು ಹಿಂದೂಗಳು, ನಮ್ಮ ಕ್ರೈಸ್ತರದು ನಾಲ್ಕೈದು ಮನೆ ಮಾತ್ರ. ಬೀದಿಯ ತುದಿಗೆ ಹೆಂಚಿನ ಪುಟ್ಟ ಆಲಯ. ಅಲ್ಲಿ ಚಾಪೆಯ ಮೇಲೆ ಕೂತು ನಾನು ಮೊದಲು ಹಾಡಿದ್ದು, ಮೊದಲು ತೂಕಡಿಸಿದ್ದು. ಅಲ್ಲಿದ್ದ ಉಪದೇಶಿ ತೀರಿಹೋದ ಮೇಲೆ ಆ ಸ್ಥಾನ ಖಾಲಿ ಬಿದ್ದಿತ್ತು. ಹೊಸಬರು ಯಾರೂ ಸಿಗದಿದ್ದರೆ ಮುಂದಿನ ತಿಂಗಳಿಂದ ಅಲ್ಲಿ ಆರಾಧನೆ ನಿಲ್ಲಿಸುವುದು, ಜನ ಬಸ್ಸು ಹತ್ತಿ ಪೇಟೆಯ ಚರ್ಚಿಗೆ ಬರುವುದು ಎಂದು ಮೇಲಿನಿಂದ ತೀರ್ಮಾನವಾಗಿತ್ತು. ಅದೇ ಬೀದಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಮಂಡಿ ನೋವು. ಅವಳಿಗೆ ಬಸ್ಸಿನ ಮೆಟ್ಟಿಲೆಂದರೆ ಬೆಟ್ಟ. ನಾನು ಪಾಸಾದರೆ ಆ ಆಲಯ ನನ್ನದು. ಇಲ್ಲವಾದರೆ ಬಾಗಿಲು ಮುಚ್ಚುವುದು. ಈ ಸಲ ಪರೀಕ್ಷೆಯನ್ನೂ ಆ ಆಲಯದಲ್ಲೇ ಇಟ್ಟಿದ್ದರು.

ಚಿಂತೆ ಮಾಡುವವರಿಗೆ ಒಂದು ದೌರ್ಬಲ್ಯವಿದೆ: ಎಲ್ಲ ತಯಾರಿ ಮುಗಿದ ಮೇಲೂ ಇನ್ನೊಂದು ತಯಾರಿ ಮಾಡುವುದು. ಅಲ್ಲಿ ಆರಾಧನೆ ಎಂದಿನಂತೆ ಹತ್ತು ಗಂಟೆಗೆ. ಅಯ್ಯನವರು ಮಧ್ಯಾಹ್ನದ ಹೊತ್ತಿಗೆ ಮೊರಪ್ಪೂರಿನಲ್ಲಿ ಸೇಲಂ ಟ್ರೈನ್ ಹಿಡಿಯಬೇಕು. ಟ್ರೈನಿನ ಯೋಚನೆಯಲ್ಲಿ ಕೂತ ಮನುಷ್ಯ ಗಡಿಯಾರವನ್ನು ಇನ್ನಷ್ಟು ನೋಡುತ್ತಾನೆ; ಗಡಿಯಾರ ನೋಡುವವನ ಕಿವಿಗೆ ಪ್ರಸಂಗ ಬೀಳುವುದಿಲ್ಲ. ಹೀಗೆ ಲೆಕ್ಕ ಹಾಕಿ ದೊಡ್ಡಮ್ಮನಿಗೆ ಫೋನ್ ಮಾಡಿ, ಈ ಭಾನುವಾರ ಎಂಟಕ್ಕೇ ಆರಾಧನೆ, ಎಲ್ಲರಿಗೂ ಹೇಳು ಎಂದೆ. ಅವಳು "ಆಯ್ತು ಕಣಮ್ಮಿ" ಎಂದಳು. ಅಯ್ಯನವರಿಗೂ ತಿಳಿಸಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ ಅಂದು ಚೆನ್ನಾಗಿ ನಿದ್ದೆ ಮಾಡಿದೆ. ಅದೇ ಸಂಶಯ ಬರಬೇಕಾದ ಸೂಚನೆಯಾಗಿತ್ತು.

ಭಾನುವಾರ ಬೆಳಿಗ್ಗೆ ಬಿಳಿ ಸೀರೆ ಉಟ್ಟು, ಪ್ರಸಂಗದ ಹಾಳೆಗಳನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು, ಗಂಡನ ಸ್ಕೂಟರ್ ಹಿಂದೆ ಕೂತು ಏಳು ಗಂಟೆಯ ಸುಮಾರಿಗೆ ಬೀದಿಯ ಬಾಯಿಗೆ ಬಂದೆ. ಅಲ್ಲೇ ಸ್ಕೂಟರ್ ನಿಂತಿತು. ಬೀದಿಯುದ್ದಕ್ಕೂ, ಈ ತುದಿಯಿಂದ ಆಲಯದ ಬಾಗಿಲಿನವರೆಗೂ ಪಾವು ಹಾಸಿತ್ತು.

ಪಾವು ಎಂದರೆ ಮಗ್ಗಕ್ಕೆ ಏರಿಸುವ ಹಾಸುನೂಲು. ಒಂದಿಡೀ ಬೀದಿಯಷ್ಟು ಉದ್ದಕ್ಕೆ ಅದನ್ನು ಎಳೆದು ಕಟ್ಟಿ, ಕೆಳಗೆ ಬಿದಿರಿನ ಕತ್ತರಿಗಾಲು ಕೊಟ್ಟು, ಅಕ್ಕಿಗಂಜಿ ಬಳಿದು, ಕುಂಚದಿಂದ ತೀಡಿ, ಹರಿದ ಎಳೆಗಳನ್ನು ಹೊಸೆದು, ಎಳೆಬಿಸಿಲಲ್ಲಿ ಒಣಗಿಸಿ ಸುತ್ತಬೇಕು. ಬಿಸಿಲು ಬಲಿಯುವುದರೊಳಗೆ ಮುಗಿಯಬೇಕು. ನಡುವೆ ಬಿಟ್ಟು ಎದ್ದರೆ ಒದ್ದೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಅಷ್ಟೂ ನೂಲು ಹಾಳು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಒಬ್ಬರ ಪಾವಿಗೆ ಬೀದಿಯೆಲ್ಲ ಕೈ ಜೋಡಿಸಬೇಕು. ನಾಳೆ ನಿಮ್ಮ ಪಾವಿಗೆ ಅವೇ ಕೈಗಳು ಬರುತ್ತವೆ. ಈಗೀಗ ಇದೆಲ್ಲ ಮಿಲ್ಲಿನಲ್ಲೇ ಆಗಿ ಬರುತ್ತದೆ, ಆದರೆ ನಮ್ಮ ಬೀದಿ ಬಿಟ್ಟಿಲ್ಲ.

ಆ ದಿನದ ಪಾವು ಎದುರುಮನೆಯ ಮಾವನದು. ಸಂಬಂಧದ ಮಾವನಲ್ಲ, ಬೀದಿಯಲ್ಲಿ ಹುಟ್ಟಿದ ಹೆಂಗಸರ ಮಕ್ಕಳಿಗೆ ಬೀದಿಯ ಗಂಡಸರೆಲ್ಲ ಮಾವಂದಿರು. ಪಾವಿನ ಎರಡು ಕಡೆಯೂ ನಿಂತಿದ್ದವರಲ್ಲಿ ನನ್ನ ಸಭೆಯವರನ್ನೆಲ್ಲ ಕಂಡೆ. ಒಬ್ಬರೂ ಬಿಟ್ಟುಹೋಗಿರಲಿಲ್ಲ. ಆಲಯದ ಬಾಗಿಲು ತೆರೆದಿತ್ತು, ಒಳಗೆ ಚಾಪೆಯ ಮೇಲೆ ಒಂದು ಕೋಳಿ ಓಡಾಡುತ್ತಿತ್ತು.

ದೊಡ್ಡಮ್ಮ ಒಂದು ಮುಕ್ಕಾಲಿಯ ಮೇಲೆ ಕೂತು ಗಂಜಿ ಕಲಕುತ್ತಿದ್ದಳು.

"ದೊಡ್ಡಮ್ಮ! ಆರಾಧನೆ?"

"ಐತಲ್ಲಮ್ಮಿ. ಇದೊಂದ್ ಸುತ್ತಿಬುಟ್ಟು ಬಂದ್ಬುಡ್ತೀವಿ."

"ಎಂಟಕ್ಕೆ ಅಂತ ಫೋನಲ್ಲಿ ಹೇಳಿದ್ನಲ್ಲ!"

"ಯೇಳಿದ್ದೆ. ಗುರುವಾರ ಹಾಸ್ಬೇಕಾಗಿದ್ ಪಾವು ಇದು, ನೆನ್ನೆಗಂಟ ಮಳೆ. ಮಳೆಗೂ ನೀನ್ ಫೋನ್ ಮಾಡಿದ್ಯಾ?" ಸುತ್ತ ನಿಂತವರು ನಕ್ಕರು. "ಅತ್ತು ಗಂಟೆಗೇ ಇದ್ದಿದ್ರೆ ಒಂಬತ್ತಕ್ಕೆ ಸುತ್ತಿ, ಮೈ ತೊಳ್ಕಂಡು, ಊವ ಮುಡ್ಕಂಡು ಬಂದ್ ಕೂತಿರೋರು. ಯಾರ್ಲೇ ನಿಂಗೆ ಎಂಟು ಅನ್ನು ಅಂದೋರು?"

ಯಾರೂ ಅಂದಿರಲಿಲ್ಲ. ನನ್ನ ಚಿಂತೆ ಅಂದಿತ್ತು. ಹತ್ತು ಗಂಟೆಗೇ ಬಿಟ್ಟಿದ್ದರೆ ಯಾವ ತೊಂದರೆಯೂ ಇರುತ್ತಿರಲಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಮಾವ ಆ ಕಡೆಯಿಂದ ಕೂಗಿದ: "ಟೀಚರಮ್ಮಾ, ನಮ್ಮಿಂದ್ಲೇ ತಡ. ಮನ್ಸಿಗೆ ಅಚ್ಕೋಬ್ಯಾಡ. ಕೈ ಕಮ್ಮಿ ಐತೆ, ಅದಕ್ಕೇ ಇಷ್ಟ್ ಒತ್ತು. ಇನ್ ನಾಕ್ ಕೈ ಇದ್ರೆ ಸೀಕ್ರಂ ಆಗೋದು."

ನಾಲ್ಕು ಕೈ. ನನ್ನವು ಎರಡು, ಗಂಡನವು ಎರಡು. ಗಣಿತದ ಟೀಚರಿಗೆ ಇಷ್ಟು ಸುಲಭದ ಲೆಕ್ಕ ಯಾರೂ ಕೊಟ್ಟಿರಲಿಲ್ಲ. ಚೀಲವನ್ನು ಕತ್ತರಿಗಾಲಿಗೆ ನೇತುಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ.

ಹರಿದ ಎಳೆಯನ್ನು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು ಕೂಡಿಸಬೇಕು. ಚಿಕ್ಕವಳಿದ್ದಾಗ ರಜೆಗೆ ಬಂದು ಕಲಿತದ್ದು, ಬೆರಳುಗಳು ಮರೆತಿರಲಿಲ್ಲ. ಆದರೆ ನನ್ನ ಗಂಡ ವೆಲ್ಲೂರು ಕಡೆಯವರು, ನೂಲು ನೋಡಿದ್ದು ಅಂಗಡಿಯಲ್ಲಿ. ಅವರು ಕೂಡಿಸಿದ ಒಂದೊಂದು ಎಳೆಗೂ ಪಕ್ಕದ ಎರಡು ಎಳೆಗಳು ಹರಿಯುತ್ತಿದ್ದವು.

"ಅಳಿಯಂದಿರೇ," ಎಂದಳು ದೊಡ್ಡಮ್ಮ, "ನೀವು ಉಪಕಾರ ಮಾಡ್ದಂಗೆ ಆತದೆ, ಒಸಿ ಕೈ ಕಟ್ಕಂಡ್ ನಿಂತ್ಕಳಿ."

"ಪರವಾಯಿಲ್ಲೆ, ಕಲಿತೀನಿ," ಎಂದರು ಅವರು, ಇನ್ನೊಂದನ್ನು ಹರಿದು.

ಎಂಟಕ್ಕೆ ಐದು ನಿಮಿಷವಿರುವಾಗ ಬೀದಿಯ ಬಾಯಲ್ಲಿ ಅಯ್ಯನವರು ಕಾಣಿಸಿಕೊಂಡರು. ನಿಲುವಂಗಿ ಬ್ಯಾಗಿನಲ್ಲಿ, ಮೈಮೇಲೆ ಒಂದು ಚೌಕಳಿ ಶರ್ಟು. ಈ ಬೀದಿಗೆ ಅವರು ಬಂದದ್ದು ಅದೇ ಮೊದಲು, ಯಾರಿಗೂ ಅವರ ಗುರುತಿಲ್ಲ. ಅವರು ಪಾವು ನೋಡಿದರು, ದೂರದ ತುದಿಯ ಆಲಯ ನೋಡಿದರು, ಗಡಿಯಾರ ನೋಡಿದರು. ನಾನು ಕೂಗಿ ಹೇಳಬೇಕೆಂದರೆ ಬಾಯಲ್ಲಿ ಎಳೆಯ ತುದಿ ಕಚ್ಚಿಕೊಂಡಿದ್ದೆ, ಬಿಟ್ಟರೆ ಸಿಕ್ಕದು. ಹಲ್ಲಿನ ಸಂದಿಯಿಂದ "ಊಂ, ಊಂ" ಎಂದೆ. ದೊಡ್ಡಮ್ಮ ಅದನ್ನು ತನಗೆ ಬೇಕಾದಂತೆ ಅರ್ಥ ಮಾಡಿಕೊಂಡಳು.

"ಏನ್ ಸಾರ್, ಬಯೋಸ್ಕೋಪ್ ನೋಡ್ದಂಗೆ ನಿಂತವ್ರಲ್ಲ! ಆ ತುದಿ ಅಗ್ಗ ಸಡ್ಲ ಆಗೈತೆ, ಒಸಿ ಇಡ್ದು ಎಳೀರಿ."

ಅಯ್ಯನವರು ಹಿಂದೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. "ನಾನಾ?" ಎಂದು ತಮಿಳಿನಲ್ಲಿ ಕೇಳಿದರು.

"ಇನ್ಯಾರ್ ಸಾರ್ ಇಲ್ಲಿ ಸುಮ್ನಿರೋರು? ನಮ್ ಅಳಿಯಂದಿರ್ನ ಬುಟ್ರೆ ನೀವೇಯ."

ನನ್ನ ಪ್ರಾಣ ಅರ್ಧ ಹೋಯಿತು. ಅಯ್ಯನವರು ಬ್ಯಾಗನ್ನು ಒಂದು ಜಗುಲಿಯ ಮೇಲಿಟ್ಟರು. ಹಗ್ಗಕ್ಕೆ ಕೈ ಹಾಕಿದರು, ತೆಗೆದರು. ಹಗ್ಗದ ತುಂಬ ಗಂಜಿ. ಕೈಯ ಗಡಿಯಾರವನ್ನು ಬಿಚ್ಚಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಕಾಲು ಊರಿ ಹಗ್ಗ ಎಳೆದು ಹಿಡಿದರು. ಪಾವು ಬಿಗಿಯಾಗಿ ಮೇಲೆದ್ದಿತು.

"ಆಂ, ಅಂಗೆ!" ಎಂದ ಮಾವ. "ಸಾರ್ ಬಲವಾಗವ್ರೆ."

ಎಂಟು ಹೊಡೆದದ್ದು ಹಾಗೆ. ಪರೀಕ್ಷೆ ಕೊಡುವವಳು ಬಾಯಲ್ಲಿ ನೂಲು ಕಚ್ಚಿಕೊಂಡು, ಪರೀಕ್ಷೆ ಮಾಡುವವರು ಹಗ್ಗ ಹಿಡಿದುಕೊಂಡು, ನಡುವೆ ಇಡೀ ಸಭೆ. ಎಳೆ ಕೂಡಿಸಿ ಮುಗಿದೊಡನೆ ಅವರ ಬಳಿಗೆ ಓಡಿದೆ.

"ಅಯ್ಯಾ, ತಪ್ಪು ನನ್ನದು, ಹತ್ತು ಗಂಟೆಗೇ ಇದ್ದದ್ದನ್ನು ನಾನೇ…"

"ಆಮೇಲೆ ಹೇಳಿ. ಬಿಟ್ಟರೆ ಇದು ಸಡಿಲ ಆಗುತ್ತಂತೆ." ನನ್ನ ಮುಖ ನೋಡಿದರು. "ಹಣೆ ಒರೆಸಿಕೊಳ್ಳಿ."

ಮುಟ್ಟಿ ನೋಡಿಕೊಂಡೆ. ಕೂದಲು ಸರಿಸುವಾಗ ಬೂದಿಯ ಬೆರಳುಗಳು ಹಣೆಯ ಮೇಲೆ ಅಡ್ಡಡ್ಡಲಾಗಿ ಅಂದವಾದ ಪಟ್ಟೆಗಳನ್ನು ಎಳೆದಿದ್ದವು. ಉಪದೇಶಿ ಪರೀಕ್ಷೆಗೆ ಮೂರು ಪಟ್ಟೆ ವಿಭೂತಿ ಹಚ್ಚಿಕೊಂಡು ಬಂದವಳು ನಾನೊಬ್ಬಳೇ ಇರಬೇಕು.

ಪಾವು ಸುತ್ತಿ ಮಾವನ ಹೆಗಲಿಗೇರಿಸಿದ ಮೇಲೆ ಬೀದಿ ಒಮ್ಮೆಲೆ ಅಗಲವಾಯಿತು. ಎಲ್ಲರೂ ಮನೆಗಳಿಗೆ ನುಗ್ಗಿ ಮುಖ ತೊಳೆದರು, ಸೀರೆ ಬದಲಿಸಿದರು, ಹೂ ಮುಡಿದರು. ನನಗೆ ಬದಲಿಸಲು ಬೇರೆ ಸೀರೆ ಇರಲಿಲ್ಲ. ಗಂಜಿ ಒಣಗಿ ಬಿಳಿ ಸೀರೆಯ ಮುಂಭಾಗ ಹಪ್ಪಳದಂತೆ ನಿಂತಿತ್ತು; ನಡೆದರೆ ಸದ್ದು ಬರುತ್ತಿತ್ತು. ಅಯ್ಯನವರು ಜಗುಲಿಯ ಮರೆಯಲ್ಲಿ ನಿಲುವಂಗಿ ತೊಟ್ಟು ಹೊರಗೆ ಬಂದಾಗ ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಯ್ಯಯ್ಯೋ! ಇವ್ರಾ? ಲೇ, ಒಂದ್ ಮಾತು ಯೇಳ್ಬಾರ್ದಾ?"

"ಬಾಯಲ್ಲಿ ನೂಲಿತ್ತಲ್ಲ ದೊಡ್ಡಮ್ಮ."

"ಉಗೀಬೇಕಾಗಿತ್ತು!"

ಒಂಬತ್ತೂವರೆಗೆ ಆರಾಧನೆ ಶುರುವಾಯಿತು. ಕೋಳಿಯನ್ನು ಓಡಿಸಿ ನೋಡಿದರೆ ಆಲಯ ತುಂಬಿತ್ತು. ತಮ್ಮಿಂದ ತಡವಾಯಿತಲ್ಲ, ತಾವೂ ಬಂದು ಕೂತರೆ ಲೆಕ್ಕ ಸರಿಹೋಗುತ್ತದೆಂದು ಮಾವ ತನ್ನ ಮನೆಯವರನ್ನೆಲ್ಲ ಕರೆದುಕೊಂಡು ಬಂದಿದ್ದ. ಅವರ ಹಿಂದೆ ಅರ್ಧ ಬೀದಿ ಬಂದಿತ್ತು. ಹಾಡು ಗೊತ್ತಿಲ್ಲದವರು ಚಪ್ಪಾಳೆ ತಟ್ಟಿದರು. ಆ ಹೆಂಚಿನ ಕೆಳಗೆ ಅಷ್ಟು ದೊಡ್ಡ ದನಿಯ ಹಾಡನ್ನು ನಾನು ಎಂದೂ ಕೇಳಿರಲಿಲ್ಲ. ಅಯ್ಯನವರು ಕೊನೆಯ ಸಾಲಿನಲ್ಲಿ ಮಾವನ ಪಕ್ಕ ಕೂತಿದ್ದರು.

ಪ್ರಸಂಗದ ಹೊತ್ತು ಬಂತು. ಚೀಲದಿಂದ ಹಾಳೆ ತೆಗೆದೆ. ಗಂಜಿಯ ಪಾತ್ರೆಯ ಪಕ್ಕ ನೇತಾಡಿದ ಚೀಲ; ಅಯ್ಯನವರಿಗೆಂದೇ ಬರೆದಿದ್ದ ನನ್ನ ಶುದ್ಧ ತಮಿಳಿನ ಪ್ರಸಂಗ ಒಂದೇ ರಟ್ಟಾಗಿ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಲು ನೋಡಿದೆ. ಬರಲಿಲ್ಲ. ಅದಕ್ಕಿಂತ ಭಯಂಕರವಾದದ್ದು ಆಗ ನೆನಪಾಯಿತು: ನಾನು ಆರಿಸಿಕೊಂಡಿದ್ದ ವಾಕ್ಯಭಾಗ ಹತ್ತು ಮಂದಿ ಕನ್ಯೆಯರದು. ದೀಪಕ್ಕೆ ಎಣ್ಣೆ ತಂದ ಐವರು ಮದುಮಗ ಬಂದ ಹೊತ್ತಿಗೆ ಸರಿಯಾಗಿ ಅವನೊಡನೆ ಮದುವೆಮನೆಯ ಒಳಗೆ ಹೋಗುತ್ತಾರೆ. ಎಣ್ಣೆ ತಾರದೆ, ಕೇಳಿದರೂ ಇವರಿಂದ ಸಿಗದೆ, ಕೊಳ್ಳಲು ಹೋಗಿ ತಡವಾಗಿ ಬಂದ ಐವರ ಮುಖಕ್ಕೆ ಬಾಗಿಲು ಹಾಕಲಾಗುತ್ತದೆ. ಒಂದೂವರೆ ಗಂಟೆ ತಡವಾಗಿ ಬಂದ ಸಭೆಗೆ, ಅಷ್ಟೇ ತಡವಾಗಿ ಬಂದ ಉಪದೇಶಿ ಹೇಳಲು ಹೊರಟ ಕಥೆ ಅದು.

ಬೇರೆ ದಾರಿಯಿರಲಿಲ್ಲ. ಹಾಳೆಗಳ ರಟ್ಟನ್ನು ಪಕ್ಕಕ್ಕಿಟ್ಟು, ಬೀದಿಯ ಕನ್ನಡದಲ್ಲೇ ಕಥೆ ಹೇಳಿದೆ. ಬಾಗಿಲು ಹಾಕಿಕೊಂಡಿತು ಎಂದೆನೋ ಇಲ್ಲವೋ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ನಮ್ಗೇ ಯೇಳ್ತಾ ಇರೋದು," ಎಂದಳು ದೊಡ್ಡಮ್ಮ ಪಕ್ಕದವಳಿಗೆ. ಅವಳ ಪಿಸುಮಾತು ಬೀದಿಯ ಬಾಯಿಗೂ ಕೇಳುತ್ತದೆ.

"ನಿಮಗಲ್ಲ ದೊಡ್ಡಮ್ಮ, ನನಗೆ. ಹೊರಗೆ ನಿಂತವರಲ್ಲಿ ಆರನೆಯವಳು ನಾನು."

ನಗು. ಆದರೆ ಅವಳು ಬಿಡಲಿಲ್ಲ. "ಅಲ್ಲಮ್ಮಿ, ಎಣ್ಣೆ ಇದ್ದೋರು ಒಸಿ ಕೊಟ್ಟಿದ್ರೆ ಏನ್ ಓಗ್ತಿತ್ತು ಅವ್ರ ಗಂಟು? ನಮ್ ಬೀದೀಲಿ ಇಲ್ಲ ಅನ್ನಕಿಲ್ಲ."

ಪ್ರಸಂಗದ ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಏನು ಮಾಡಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಕೊನೆಯ ಸಾಲಿನತ್ತ ನೋಡುವ ಧೈರ್ಯವಿರಲಿಲ್ಲ. ಕಣ್ಣು ಎಲ್ಲೆಲ್ಲೋ ತಿರುಗಿ ನನ್ನ ಗಂಡನ ಮೇಲೆ ನಿಂತಿತು.

"ದೊಡ್ಡಮ್ಮ, ಬೆಳಿಗ್ಗೆ ನೀನು ಗಂಜಿ ಕೊಟ್ಟೆ, ಬೂದಿ ಕೊಟ್ಟೆ, ಜಾಗ ಕೊಟ್ಟೆ. ನಿನ್ನ ಬೆರಳಿನ ಪಳಕನ, ಇಷ್ಟು ವರ್ಷದ ಅಭ್ಯಾಸನ, ನಿನ್ನ ಅಳಿಯಂಗೆ ಕೊಡೋಕಾಯ್ತಾ?"

ಎಲ್ಲರೂ ಹೆಂಚು ಹಾರುವಂತೆ ನಕ್ಕರು. ನನ್ನ ಗಂಡ ಎದ್ದು ನಿಂತು ಕೈ ಮುಗಿದರು. ಮಾವ ತೊಡೆ ತಟ್ಟಿಕೊಂಡು, "ಸತ್ಯ, ಸತ್ಯ! ಅದ ಯಾರ್ ಕೊಡಕ್ಕಾತದೆ!" ಎಂದ.

"ಆ ಎಣ್ಣೆ ಅಂಥದ್ದು. ಕೊಡಬಾರದು ಅಂತಲ್ಲ, ಆ ಗಳಿಗೇಲಿ ಕೊಡೋಕೆ ಆಗಲ್ಲ. ದಿನಾ ಒಂದಿಷ್ಟು ಕೂಡಿಟ್ಟುಕೋಬೇಕು. ಬರೋನು ಯಾವಾಗ ಬರ್ತಾನೋ, ಯಾವ ವೇಷದಲ್ಲಿ ಬರ್ತಾನೋ ಗೊತ್ತಿಲ್ಲ. ಚೌಕಳಿ ಶರ್ಟ್ ಹಾಕ್ಕೊಂಡು ಬಂದರೂ ಬಂದ."

ದೊಡ್ಡಮ್ಮ ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಲ್ಲಿಂದಾಚೆ ನಾನು ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ನೆನಪಿರುವುದು ಒಂದೇ: ಚಿಂತೆ ಮಾಡಲು ಮರೆತಿದ್ದೆ. ಅದು ನೆನಪಾದ ಕೂಡಲೇ ಗಾಬರಿಯಾಗಿ "ಆಮೆನ್" ಎಂದುಬಿಟ್ಟೆ.

ಪಾವಿಗೆ ಕೈ ಜೋಡಿಸಿದವರಿಗೆಲ್ಲ ಪಾವಿನ ಮನೆಯವರು ಊಟ ಹಾಕಬೇಕು, ಅದು ಬೀದಿಯ ಕಟ್ಟು. ಹಗ್ಗ ಹಿಡಿದವರಿಗೆ ವಿನಾಯಿತಿಯಿಲ್ಲ. ಅಯ್ಯನವರು ಟ್ರೈನಿನ ಮಾತೆತ್ತಿದ್ದಕ್ಕೆ ಮಾವ, "ಇನ್ನೊಂದು ಟ್ರೈನ್ ಬತ್ತದೆ ಬುಡಿ ಸಾಮಿ, ಉರುಳಿ ಸಾರು ಆರೋಗ್ತದೆ" ಎಂದು ಎಲೆಯ ಮುಂದೆ ಕೂರಿಸಿದ. ರಾಗಿ ಕಳಿ, ಎಂದರೆ ಮುದ್ದೆ, ಜೊತೆಗೆ ಹುರುಳಿ ಸಾರು. ಅಯ್ಯನವರು ಎರಡು ಸಲ ಹಾಕಿಸಿಕೊಂಡರು. ನನ್ನ ಎಲೆಯಲ್ಲಿ ಕಳಿ ಹಾಗೇ ಇತ್ತು. ಪಂಕ್ತಿಯವರೆಲ್ಲ ತಿನ್ನುವುದನ್ನು ನಿಧಾನ ಮಾಡಿ ಅಯ್ಯನವರ ಬಾಯನ್ನೇ ನೋಡುತ್ತಿದ್ದರು.

ಅವರು ಕೈ ತೊಳೆದು ಬಂದರು. "ಎಂಟಕ್ಕೆ ಶುರುವಾಗಬೇಕಾದ ಆರಾಧನೆ ಒಂಬತ್ತೂವರೆಗೆ ಶುರುವಾಯಿತು. ಅದು ತಪ್ಪು."

"ಹೌದು ಅಯ್ಯಾ."

"ಸೀರೆ ನಡೆದರೆ ಸದ್ದು ಮಾಡುತ್ತದೆ."

"ಹೌದು ಅಯ್ಯಾ."

"ಪ್ರಸಂಗ…" ಎಂದು ನಿಲ್ಲಿಸಿದರು. ಅಭ್ಯಾಸಬಲದಿಂದ ಎಡಗೈ ಎತ್ತಿ ನೋಡಿಕೊಂಡರು. ಬರಿಯ ಮಣಿಕಟ್ಟು. ಜೇಬಿಗೆ ಕೈ ಹಾಕಿ ಗಡಿಯಾರ ತೆಗೆದು, ಅದನ್ನು ಅಂಗೈ ಮೇಲಿಟ್ಟುಕೊಂಡು, ಮೊದಲ ಸಲ ನೋಡುವವರಂತೆ ನೋಡಿದರು. "ಪ್ರಸಂಗ ಎಷ್ಟು ಹೊತ್ತಾಯಿತು?"

ನನಗೂ ಗೊತ್ತಿರಲಿಲ್ಲ. ಪಂಕ್ತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನನಗೂ ಗೊತ್ತಿಲ್ಲ," ಎಂದರು ಅಯ್ಯನವರು. "ಆದ್ದರಿಂದ ಉದ್ದವಾಯಿತು ಅನ್ನುವ ಹಾಗಿಲ್ಲ, ಗಿಡ್ಡವಾಯಿತು ಅನ್ನುವ ಹಾಗೂ ಇಲ್ಲ. ಪಾಸು. ಮುಂದಿನ ಭಾನುವಾರದಿಂದ ಈ ಆಲಯ ನಿಮ್ಮದು. ಆದರೆ ಆರಾಧನೆ ಹತ್ತು ಗಂಟೆಗೇ ಇರಲಿ, ದಯವಿಟ್ಟು ಅದನ್ನು ಮುಟ್ಟಬೇಡಿ."

ದೊಡ್ಡಮ್ಮ ಮಂಡಿ ನೋವು ಮರೆತು ಎದ್ದಳು, ನೆನಪಾಗಿ ಮತ್ತೆ ಕೂತಳು. ಕೂತಲ್ಲಿಂದಲೇ ನನ್ನ ಕೆನ್ನೆ ಹಿಡಿದು ಎಳೆದಳು. ಅವಳ ಕೈಗೆ ಇನ್ನೂ ಗಂಜಿಯ ವಾಸನೆಯಿತ್ತು. ಮಾವ ತನ್ನ ಪಾವಿನಿಂದಲೇ ಎಲ್ಲ ಆದದ್ದೆಂದು ಬೀದಿಗೆಲ್ಲ ಹೇಳಲು ಹೊರಟ. ನನ್ನ ಗಂಡ ಎಂದೂ ಇಲ್ಲದ ಗಾಂಭೀರ್ಯದಿಂದ, ಪ್ರಸಂಗದ ಉದಾಹರಣೆ ತಾನೇ ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು.

ಸ್ಕೂಟರ್ ಹತ್ತುವಾಗ ದೊಡ್ಡಮ್ಮ ಬಾಗಿಲಿನಿಂದ ಕೂಗಿದಳು: "ಉಪದೇಶಿಯಮ್ಮಾ! ಮುಂದಿನ್ ಶನಿವಾರ ನಮ್ಮನೆ ಪಾವು. ನೀನು ಬಾ. ಅಳಿಯಂದಿರು ಬರ್ದಿದ್ರೂ ಆತದೆ."

ಶನಿವಾರ. ಶನಿವಾರ ಮಳೆ ಬಂದರೆ ಭಾನುವಾರ. ಭಾನುವಾರ ಹತ್ತಕ್ಕೆ ಆರಾಧನೆ, ಅದೂ ನನ್ನ ಮೊದಲನೆಯದು. ಮೊರಪ್ಪೂರಿನ ರೈಲ್ವೆ ಗೇಟು ದಾಟುವಷ್ಟರಲ್ಲಿ ಫೋನ್ ತೆಗೆದು ಮುಂದಿನ ವಾರದ ಹವಾಮಾನ ನೋಡುತ್ತಿದ್ದೆ. ಸೀರೆ ಗಾಳಿಗೆ ಪಟಪಟ ಬಡಿಯುತ್ತಿತ್ತು.